‘ನಿನ್ನೆ ಬಂದ ಹುಡುಗ’ನನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ವಿದ್ಯಾರ್ಥಿಗಳಿಗೆ ಮಂಡ್ಯದಲ್ಲಿ ಸಂಜೆಯ ಹೊತ್ತು ನಾನು ಹಲವು ವರ್ಷಗಳಿಂದ ಇಂಗ್ಲಿಷ್ ಬರವಣಿಗೆ ಹೇಳಿಕೊಡುತ್ತಿದ್ದೇನೆ. ಪ್ರತಿ ಹೊಸ ತಂಡದ ಮೊದಲ ದಿನ ಬೋರ್ಡಿನ ಮೇಲೆ ‘ನಿನ್ನೆ ಬಂದ ಹುಡುಗ ನನ್ನ ಚಿಕ್ಕಪ್ಪನ ಮಗ’ ಎಂಬ ವಾಕ್ಯವನ್ನು ಬರೆದು, ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎನ್ನುತ್ತೇನೆ. ಬಹುಪಾಲು ನೋಟ್‌ಬುಕ್ಕುಗಳಲ್ಲಿ ಕಾಣುವ ಉತ್ತರ ಒಂದೇ: ‘ದಿ ಬಾಯ್ ಕೇಮ್ ಯೆಸ್ಟರ್‌ಡೇ ಈಸ್ ಮೈ ಕಸಿನ್.’ ಇದು ತಪ್ಪು ಎಂದು ಹೇಳಿದಾಗ ಪಾಂಡವಪುರದ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ‘ಮೇಡಂ, ಬಂದ ಅಂದರೆ ಕೇಮ್ ತಾನೆ? ಎಲ್ಲ ಪದವೂ ಬಂದಿದೆಯಲ್ಲ, ತಪ್ಪೆಲ್ಲಿ?’ ಎಂದು ಕೇಳಿದಳು. ಆ ಪ್ರಶ್ನೆ ಸರಿಯಾದ ಪ್ರಶ್ನೆಯಾಗಿತ್ತು, ಮತ್ತು ಅದಕ್ಕೆ ಉತ್ತರ ಕನ್ನಡದೊಳಗೇ ಇತ್ತು. ‘ಹುಡುಗ ಬಂದ’ ಎನ್ನುವಾಗಿನ ‘ಬಂದ’ ವಾಕ್ಯವನ್ನು ಮುಗಿಸುವ ಕ್ರಿಯಾಪದ. ‘ಬಂದನು’ ಎಂಬುದರ ಮಾತಿನ ರೂಪ. ‘ಬಂದ ಹುಡುಗ’ ಎನ್ನುವಾಗಿನ ‘ಬಂದ’ ವಾಕ್ಯವನ್ನು ಮುಗಿಸುವುದಿಲ್ಲ. ಮುಂದಿನ ನಾಮಪದವನ್ನು ಬಣ್ಣಿಸುವ ಕೃದಂತ ಅದು. ಕಣ್ಣಿಗೆ ಒಂದೇ ಆಗಿ ಕಾಣುವ ಈ ಎರಡು ಪದಗಳಲ್ಲಿ ಮೊದಲನೆಯದಕ್ಕೆ ಮಾತ್ರ ‘ಕೇಮ್’ ಸಮನಾಗುತ್ತದೆ. ಎರಡನೆಯದಕ್ಕೆ ‘ಹೂ ಕೇಮ್’ ಎಂದು ಬರೆಯಬೇಕು.

ಈ ಲೇಖನದಲ್ಲಿ ಕನ್ನಡದ ಕೃದಂತದಿಂದ ಹೊರಟು ಇಂಗ್ಲಿಷಿನ ರಿಲೇಟಿವ್ ಕ್ಲಾಝ್ ಮತ್ತು ಪಾರ್ಟಿಸಿಪಲ್ ಫ್ರೇಸ್‌ಗಳನ್ನು ತಲುಪುವ ದಾರಿಯನ್ನು ಹಂತ ಹಂತವಾಗಿ ತೋರಿಸಿದ್ದೇನೆ. ಮೊದಲನೆಯದನ್ನು (‘ಹೂ ಕೇಮ್’ ಎಂಬಂಥದ್ದು) ಸಂಬಂಧ ಉಪವಾಕ್ಯ ಎಂದೂ ಎರಡನೆಯದನ್ನು (‘ಸಿಟಿಂಗ್ ಬೈ ದಿ ವಿಂಡೋ’ ಎಂಬಂಥದ್ದು) ಕೃದಂತ ಪದಪುಂಜ ಎಂದೂ ಕರೆಯುತ್ತೇನೆ. ಇಂಗ್ಲಿಷ್ ಉದಾಹರಣೆಗಳು ಕನ್ನಡ ಲಿಪಿಯಲ್ಲೇ ಇವೆ. ಅವನ್ನು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ.

ಮೊದಲ ಹಂತ: ಕೃದಂತ ಯಾವ ಪದವನ್ನು ಹಿಡಿದುಕೊಂಡಿದೆ ಎಂದು ನೋಡುವುದು

ಪ್ರೌಢಶಾಲೆಯ ವ್ಯಾಕರಣದಲ್ಲಿ ಕೃದಂತನಾಮ, ಕೃದಂತಾವ್ಯಯ ಎಂಬ ಹೆಸರುಗಳನ್ನು ನೀವು ಓದಿರುತ್ತೀರಿ. ಮಾಡಿದ, ಮಾಡುವ, ಮಾಡದ ಎಂಬ ರೂಪಗಳು ನಾಮಪದದ ಮುಂದೆ ನಿಲ್ಲುತ್ತವೆ: ಮಾಡಿದ ಕೆಲಸ, ಮಾಡುವ ಕೆಲಸ, ಮಾಡದ ಕೆಲಸ. ಮಾಡಿ, ಮಾಡುತ್ತ, ಮಾಡದೆ ಎಂಬ ರೂಪಗಳು ಮತ್ತೊಂದು ಕ್ರಿಯಾಪದವನ್ನು ಕಾಯುತ್ತವೆ: ಮಾಡಿ ಹೋದ, ಮಾಡುತ್ತ ಕುಳಿತ, ಮಾಡದೆ ಬಿಟ್ಟ. ಮೊದಲ ಗುಂಪು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಸಂಬಂಧ ಉಪವಾಕ್ಯವಾಗುತ್ತದೆ, ಎರಡನೆಯದು ಕೃದಂತ ಪದಪುಂಜವಾಗುತ್ತದೆ. ಅನುವಾದಕ್ಕೆ ಕೈ ಹಾಕುವ ಮೊದಲು ನಿಮ್ಮ ಕನ್ನಡ ವಾಕ್ಯದಲ್ಲಿರುವ ಎಲ್ಲ ಕೃದಂತಗಳಿಗೂ ಅಡಿಗೆರೆ ಎಳೆದು, ಪ್ರತಿಯೊಂದರಿಂದಲೂ ಅದು ಹಿಡಿದುಕೊಂಡಿರುವ ಪದದವರೆಗೆ ಒಂದು ಬಾಣ ಹಾಕಿ. ಇದಕ್ಕೆ ಅರ್ಧ ನಿಮಿಷ ಸಾಕು. ಅರ್ಧದಷ್ಟು ತಪ್ಪುಗಳು ಅಲ್ಲೇ ನಿಂತುಹೋಗುತ್ತವೆ ಎಂಬುದು ತರಗತಿಯಲ್ಲಿ ನಾನು ಕಂಡ ಮಾತು.

ಎರಡನೆಯ ಹಂತ: ನಾಮಪದವನ್ನು ಮುಂದಕ್ಕೆ ತರುವುದು

ಕನ್ನಡದಲ್ಲಿ ವರ್ಣನೆ ಎಷ್ಟೇ ಉದ್ದವಾಗಿರಲಿ ನಾಮಪದಕ್ಕಿಂತ ಮೊದಲೇ ಬರುತ್ತದೆ. ‘ಮಳವಳ್ಳಿಯಿಂದ ದಿನವೂ ಮೊದಲ ಬಸ್ಸಿಗೆ ಬರುವ ವಿದ್ಯಾರ್ಥಿಗಳು’ ಎಂಬಲ್ಲಿ ವಿದ್ಯಾರ್ಥಿಗಳು ಕೊನೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಒಂದೆರಡು ಪದಗಳ ಗುಣವಾಚಕ ಮಾತ್ರ ಮೊದಲು ಬರಬಹುದು; ಕಾಲವನ್ನು ಹೇಳುವ ಕ್ರಿಯಾಪದವುಳ್ಳ ವರ್ಣನೆ ನಾಮಪದದ ನಂತರವೇ ಬರಬೇಕು. ಆದ್ದರಿಂದ ‘ದಿ ಸ್ಟೂಡೆಂಟ್ಸ್’ ಎಂದು ಮೊದಲು ಬರೆದುಬಿಡಿ. ಬೆನ್ನಿಗೇ ‘ಹೂ ಕಮ್ ಫ್ರಮ್ ಮಳವಳ್ಳಿ ಬೈ ದಿ ಫಸ್ಟ್ ಬಸ್ ಎವ್ರಿ ಡೇ’ ಎಂಬ ವರ್ಣನೆಯನ್ನು ಇಡಿ. ವಿದ್ಯಾರ್ಥಿಗಳು ಬಹುವಚನವಾದ್ದರಿಂದ ‘ಕಮ್’. ಒಬ್ಬನೇ ವಿದ್ಯಾರ್ಥಿಯಾದರೆ ‘ಹೂ ಕಮ್ಸ್’. ನಡುವೆ ‘ಬಸ್’ ಎಂಬ ಏಕವಚನ ಬಂದಿತೆಂದು ಮುಖ್ಯ ಕ್ರಿಯಾಪದವನ್ನು ‘ಈಸ್’ ಎಂದು ಬದಲಿಸಬಾರದು. ಅದು ಸ್ಟೂಡೆಂಟ್ಸ್ ಎಂಬುದಕ್ಕೆ ಒಪ್ಪುವ ‘ಆರ್’ ಆಗಿಯೇ ಇರಬೇಕು.

ವರ್ಣನೆಯು ತನ್ನ ನಾಮಪದಕ್ಕೆ ಅಂಟಿಕೊಂಡೇ ಇರಬೇಕೆಂಬುದನ್ನೂ ಮರೆಯಬಾರದು. ‘ಐ ಗೇವ್ ದಿ ಬುಕ್ ಟು ಮೈ ಸಿಸ್ಟರ್ ವಿಚ್ ಐ ಬಾಟ್ ಇನ್ ಮೈಸೂರು’ ಎಂದು ಬರೆದರೆ, ಮೈಸೂರಿನಲ್ಲಿ ಕೊಂಡದ್ದು ತಂಗಿಯನ್ನೋ ಎಂಬ ಅನುಮಾನ ಹುಟ್ಟುತ್ತದೆ. ‘ಐ ಗೇವ್ ಮೈ ಸಿಸ್ಟರ್ ದಿ ಬುಕ್ ದಟ್ ಐ ಬಾಟ್ ಇನ್ ಮೈಸೂರು’ ಎಂದರೆ ತೊಡಕಿಲ್ಲ.

ಮೂರನೆಯ ಹಂತ: ಅಡಗಿರುವ ವಿಭಕ್ತಿಯನ್ನು ಹೊರಗೆ ತೆಗೆಯುವುದು

ಎಲ್ಲ ಹಂತಗಳಲ್ಲಿ ಇದೇ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ‘ನಾನು ಓದಿದ ಪುಸ್ತಕ’, ‘ನಾನು ಓದಿದ ಶಾಲೆ’ ಎಂಬ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ‘ನಾನು ಓದಿದ’ ಎಂಬ ಭಾಗ ಎರಡರಲ್ಲೂ ಒಂದೇ. ಆದರೂ ನಾನು ಪುಸ್ತಕವನ್ನು ಓದಿದೆ, ಶಾಲೆಯಲ್ಲಿ ಓದಿದೆ ಎಂಬುದು ಕೇಳುವವರಿಗೆ ತಾನಾಗಿಯೇ ತಿಳಿಯುತ್ತದೆ. ‘ಅನ್ನು’, ‘ಅಲ್ಲಿ’ ಎಂಬ ವಿಭಕ್ತಿ ಪ್ರತ್ಯಯಗಳನ್ನು ಕನ್ನಡ ನುಂಗಿಬಿಟ್ಟಿದೆ. ಇಂಗ್ಲಿಷ್ ಹಾಗೆ ನುಂಗಲು ಒಪ್ಪುವುದಿಲ್ಲ. ಅದಕ್ಕೆ ಸಂಬಂಧವನ್ನು ಬಾಯಿಬಿಟ್ಟು ಹೇಳಲೇಬೇಕು: ‘ದಿ ಬುಕ್ ದಟ್ ಐ ರೆಡ್’, ‘ದಿ ಸ್ಕೂಲ್ ವೇರ್ ಐ ಸ್ಟಡೀಡ್’.

ಅಡಗಿರುವ ವಿಭಕ್ತಿಯನ್ನು ಹುಡುಕಲು ಒಂದು ಸುಲಭ ಉಪಾಯವಿದೆ. ಕೃದಂತವನ್ನು ಬಿಡಿಸಿ, ಅದೇ ನಾಮಪದವನ್ನು ಒಳಗಿಟ್ಟು ಒಂದು ಪೂರ್ಣ ಕನ್ನಡ ವಾಕ್ಯ ಮಾಡಿ. ಆಗ ನಾಮಪದಕ್ಕೆ ಯಾವ ಪ್ರತ್ಯಯ ಅಂಟುತ್ತದೆಯೋ ಅದೇ ನಿಮಗೆ ಬೇಕಾದ ಇಂಗ್ಲಿಷ್ ಪದವನ್ನು ತೋರಿಸುತ್ತದೆ. ‘ನಾನು ಸಹಿ ಹಾಕಿದ ಪೆನ್ನು’ ಎಂಬುದನ್ನು ಬಿಡಿಸಿದರೆ ‘ನಾನು ಪೆನ್ನಿನಿಂದ ಸಹಿ ಹಾಕಿದೆ’ ಎಂದಾಗುತ್ತದೆ; ‘ಇಂದ’ ಬಂದಿತು, ಆದ್ದರಿಂದ ‘ದಿ ಪೆನ್ ವಿತ್ ವಿಚ್ ಐ ಸೈನ್ಡ್’. ‘ನಾವು ಕಬ್ಬು ಮಾರಿದ ಕಾರ್ಖಾನೆ’ ಎಂಬುದು ‘ನಾವು ಕಾರ್ಖಾನೆಗೆ ಕಬ್ಬು ಮಾರಿದೆವು’ ಎಂದಾಗುತ್ತದೆ. ‘ಗೆ’ ಬಂದಿತು, ಆದ್ದರಿಂದ ‘ದಿ ಫ್ಯಾಕ್ಟರಿ ಟು ವಿಚ್ ವಿ ಸೋಲ್ಡ್ ದಿ ಶುಗರ್‌ಕೇನ್’. ‘ಅಪ್ಪ ಸಾಲ ತಂದ ಬ್ಯಾಂಕು’ ಎಂಬುದು ‘ಅಪ್ಪ ಬ್ಯಾಂಕಿನಿಂದ ಸಾಲ ತಂದರು’ ಎಂದಾಗುತ್ತದೆ. ಇಲ್ಲಿನ ‘ಇಂದ’ ಸಾಧನವನ್ನು ಹೇಳದೆ, ಸಾಲ ಎಲ್ಲಿಂದ ಬಂದಿತು ಎಂಬುದನ್ನು ಹೇಳುತ್ತದೆ, ಆದ್ದರಿಂದ ‘ದಿ ಬ್ಯಾಂಕ್ ಫ್ರಮ್ ವಿಚ್ ಫಾದರ್ ಟುಕ್ ದಿ ಲೋನ್’. ‘ಮಗ ಸೈನ್ಯದಲ್ಲಿರುವ ರೈತ’ ಎಂಬುದು ‘ರೈತನ ಮಗ ಸೈನ್ಯದಲ್ಲಿದ್ದಾನೆ’ ಎಂದಾಗುತ್ತದೆ. ಷಷ್ಠೀ ವಿಭಕ್ತಿ ಬಂದಿತು, ಆದ್ದರಿಂದ ‘ದಿ ಫಾರ್ಮರ್ ಹೂಝ್ ಸನ್ ಈಸ್ ಇನ್ ದಿ ಆರ್ಮಿ’. ‘ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಜಾಗ’ ಎಂಬಲ್ಲಿ ‘ಜಾಗದಲ್ಲಿ ಸೇರುತ್ತವೆ’ ಎಂಬುದು ಅಡಗಿದೆ. ಹಾಗಾಗಿ ‘ದಿ ಪ್ಲೇಸ್ ವೇರ್ ದಿ ತ್ರೀ ರಿವರ್ಸ್ ಮೀಟ್’.

ಪ್ರಥಮಾ ವಿಭಕ್ತಿ ಬಂದರೆ ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’ ಅಥವಾ ‘ದಟ್’. ‘ಅನ್ನು’ ಬಂದರೆ ಮನುಷ್ಯರಿಗೆ ‘ಹೂಮ್’, ವಸ್ತುಗಳಿಗೆ ಮತ್ತೆ ‘ವಿಚ್’ ಅಥವಾ ‘ದಟ್’. ಇಂದಿನ ಮಾತುಕತೆಯಲ್ಲಿ ‘ಹೂಮ್’ ಬದಲು ‘ಹೂ’ ಎಂದರೂ ನಡೆಯುತ್ತದೆ, ಆದರೆ ಅರ್ಜಿ ಮತ್ತು ಪರೀಕ್ಷೆಯ ಉತ್ತರಗಳಲ್ಲಿ ‘ಹೂಮ್’ ಇಡುವುದೇ ಕ್ಷೇಮ. ‘ವಿತ್ ವಿಚ್’, ‘ಟು ವಿಚ್’ ಎಂಬವು ಗಂಭೀರ ಬರವಣಿಗೆಯ ರೂಪಗಳು. ಮಾತಿನಲ್ಲಿ ಅದೇ ಪದವನ್ನು ಕೊನೆಗೆ ತಳ್ಳಿ ‘ದಿ ಪೆನ್ ಐ ಸೈನ್ಡ್ ವಿತ್’ ಎನ್ನುತ್ತಾರೆ. ಎರಡೂ ಸರಿ. ‘ದಿ ಪೆನ್ ಐ ಸೈನ್ಡ್’ ಎಂದು ‘ವಿತ್’ ಅನ್ನು ಕೈಬಿಟ್ಟರೆ ಮಾತ್ರ ನಾನು ಪೆನ್ನಿನ ಮೇಲೆಯೇ ಸಹಿ ಹಾಕಿದೆ ಎಂದಾಗುತ್ತದೆ. ಕನ್ನಡದವರಾದ ನಮಗೆ ಕೈತಪ್ಪುವುದು ಹೆಚ್ಚಾಗಿ ಈ ಪುಟ್ಟ ಪದವೇ. ಕನ್ನಡದಲ್ಲಿ ಅದು ಕಾಣಿಸುವುದೇ ಇಲ್ಲವಲ್ಲ.

ಈಗ ಹುಡುಗಿಯ ಪ್ರಶ್ನೆಗೆ ಮರಳೋಣ. ‘ದಿ ಬಾಯ್ ಐ ಮೆಟ್ ಯೆಸ್ಟರ್‌ಡೇ ಈಸ್ ಮೈ ಕಸಿನ್’ ಎಂಬ ವಾಕ್ಯದಲ್ಲಿ ‘ಹೂಮ್’ ಇಲ್ಲದಿದ್ದರೂ ವಾಕ್ಯ ಸರಿಯಾಗಿದೆ. ಹಾಗಿದ್ದ ಮೇಲೆ ‘ದಿ ಬಾಯ್ ಕೇಮ್ ಯೆಸ್ಟರ್‌ಡೇ ಈಸ್’ ಎಂಬಲ್ಲಿ ‘ಹೂ’ ಬಿಟ್ಟರೆ ಏಕೆ ತಪ್ಪು? ನಾನು ಹುಡುಗನನ್ನು ಭೇಟಿಯಾದೆ ಎಂಬಲ್ಲಿ ಹುಡುಗ ಕರ್ಮಪದ. ಕರ್ಮಪದಕ್ಕೆ ನಿಂತ ‘ಹೂಮ್’, ‘ವಿಚ್’, ‘ದಟ್’ಗಳನ್ನು ಬಿಡಬಹುದು. ಹುಡುಗ ಬಂದ ಎಂಬಲ್ಲಿ ಹುಡುಗ ಕರ್ತೃಪದ. ಕರ್ತೃವಿಗೆ ನಿಂತ ‘ಹೂ’ವನ್ನು ಬಿಡುವಂತಿಲ್ಲ, ಬಿಟ್ಟರೆ ‘ಕೇಮ್’, ‘ಈಸ್’ ಎಂಬ ಎರಡು ಕ್ರಿಯಾಪದಗಳು ಒಂದೇ ಕರ್ತೃವಿಗಾಗಿ ಜಗಳಕ್ಕೆ ನಿಲ್ಲುತ್ತವೆ. ಹಾಗಾಗಿ ನಿಯಮ ಇಷ್ಟೇ: ಬಿಡಿಸಿದ ಕನ್ನಡ ವಾಕ್ಯದಲ್ಲಿ ನಾಮಪದಕ್ಕೆ ‘ಅನ್ನು’ ಅಂಟಿದರೆ ಸಂಬಂಧ ಸೂಚಕವನ್ನು ಬಿಡಬಹುದು, ಪ್ರಥಮಾ ವಿಭಕ್ತಿಯಲ್ಲಿದ್ದರೆ ಬಿಡಬಾರದು.

ವಿಭಕ್ತಿಯಂತೆಯೇ ಕಾಲವೂ ಕನ್ನಡದ ಕೃದಂತದಲ್ಲಿ ಅರ್ಧ ಅಡಗಿರುತ್ತದೆ. ‘ದಿನವೂ ಬರುವ ಬಸ್ಸು’, ‘ನಾಳೆ ಬರುವ ಬಸ್ಸು’ ಎರಡರಲ್ಲೂ ‘ಬರುವ’ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ‘ದಟ್ ಕಮ್ಸ್’, ಎರಡನೆಯದು ‘ದಟ್ ವಿಲ್ ಕಮ್’. ‘ಪರೀಕ್ಷೆಗೆ ಬಾರದ ವಿದ್ಯಾರ್ಥಿಗಳು’ ಎಂದಾಗ ಅವರು ಬರಲಿಲ್ಲವೋ, ಬರುವುದಿಲ್ಲವೋ ಎಂಬುದು ಸಂದರ್ಭದಿಂದಷ್ಟೇ ಗೊತ್ತಾಗುತ್ತದೆ. ಇಂಗ್ಲಿಷಿಗೆ ತರುವಾಗ ‘ಹೂ ಡಿಡ್ ನಾಟ್ ಕಮ್’, ‘ಹೂ ಡು ನಾಟ್ ಕಮ್’, ‘ಹೂ ವಿಲ್ ನಾಟ್ ಕಮ್’ ಎಂಬ ಮೂರರಲ್ಲಿ ಒಂದನ್ನು ನೀವು ಆರಿಸಲೇಬೇಕು.

ನಾಲ್ಕನೆಯ ಹಂತ: ಹೆಚ್ಚುವರಿ ಸರ್ವನಾಮವನ್ನು ತೆಗೆಯುವುದು

‘ಯಾವ ಪುಸ್ತಕವನ್ನು ನಾನು ಕೊಂಡೆನೋ ಅದು ಕಳೆದುಹೋಯಿತು’ ಎಂಬ ರಚನೆಯೂ ಕನ್ನಡದಲ್ಲಿದೆ. ಅದರ ನೆರಳಿನಿಂದ ‘ದಿ ಬುಕ್ ವಿಚ್ ಐ ಬಾಟ್ ಇಟ್ ಈಸ್ ಲಾಸ್ಟ್’ ಎಂಬ ವಾಕ್ಯ ಹುಟ್ಟುತ್ತದೆ. ‘ವಿಚ್’ ಎಂಬುದೇ ಪುಸ್ತಕದ ಬದಲಿಗೆ ನಿಂತಿರುವುದರಿಂದ ‘ಇಟ್’ಗೆ ಅಲ್ಲಿ ಸ್ಥಳವಿಲ್ಲ. ಬರೆದಾದ ಮೇಲೆ ಉಪವಾಕ್ಯದ ಒಳಗೆ ‘ಇಟ್’, ‘ಹಿಮ್’, ‘ದೆಮ್’ ಏನಾದರೂ ಉಳಿದಿದೆಯೇ, ಉಳಿದಿದ್ದರೆ ಅದು ಅದೇ ನಾಮಪದವನ್ನು ಸೂಚಿಸುತ್ತಿದೆಯೇ ಎಂದು ನೋಡಿ, ಹಾಗಿದ್ದರೆ ಹೊಡೆದುಹಾಕಿ.

ಐದನೆಯ ಹಂತ: ಕಾಮಾ ಬೇಕೋ ಬೇಡವೋ ಎಂದು ನಿರ್ಧರಿಸುವುದು

‘ಮೈಸೂರಿನಲ್ಲಿರುವ ನನ್ನ ಅಣ್ಣ ನಾಳೆ ಬರುತ್ತಾನೆ’ ಎಂಬ ವಾಕ್ಯದಿಂದ ನಿಮಗೆ ಎಷ್ಟು ಮಂದಿ ಅಣ್ಣಂದಿರಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಗೊತ್ತಾಗುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರು’ ಎಂದು ಕಾಮಾ ಇಲ್ಲದೆ ಬರೆದರೆ ಬೇರೆ ಕಡೆಯೂ ಒಬ್ಬ ಅಣ್ಣನಿದ್ದಾನೆ, ಅವರಲ್ಲಿ ಮೈಸೂರಿನವನು ಬರುತ್ತಾನೆ ಎಂದರ್ಥ. ‘ಮೈ ಬ್ರದರ್, ಹೂ ಲಿವ್ಸ್ ಇನ್ ಮೈಸೂರು,’ ಎಂದು ಎರಡೂ ಕಡೆ ಕಾಮಾ ಇಟ್ಟರೆ ಇರುವುದು ಒಬ್ಬನೇ ಅಣ್ಣ, ಅವನು ಮೈಸೂರಿನಲ್ಲಿದ್ದಾನೆ ಎಂಬುದು ಹೆಚ್ಚಿನ ಮಾಹಿತಿ.

ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ತಟ್ಟುವ ಇನ್ನೊಂದು ಉದಾಹರಣೆ ಕೊಡುತ್ತೇನೆ. ‘ದಿ ಫಾರ್ಮರ್ಸ್ ಹೂ ಗೆಟ್ ಕೆನಾಲ್ ವಾಟರ್ ಗ್ರೋ ಪ್ಯಾಡಿ’ ಎಂದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಸಿಗುವ ರೈತರು ಮಾತ್ರ ಭತ್ತ ಬೆಳೆಯುತ್ತಾರೆ, ಸಿಗದವರ ವಿಷಯ ಬೇರೆ ಎಂದಾಗುತ್ತದೆ. ‘ದಿ ಫಾರ್ಮರ್ಸ್, ಹೂ ಗೆಟ್ ಕೆನಾಲ್ ವಾಟರ್, ಗ್ರೋ ಪ್ಯಾಡಿ’ ಎಂದರೆ ನೀವು ಹೇಳುತ್ತಿರುವ ಎಲ್ಲ ರೈತರಿಗೂ ನಾಲೆಯ ನೀರು ಸಿಗುತ್ತದೆ, ಎಲ್ಲರೂ ಭತ್ತ ಬೆಳೆಯುತ್ತಾರೆ ಎಂದಾಗುತ್ತದೆ. ಕಡೇ ಭಾಗದ ಹೊಲಗಳಿಗೆ ನೀರು ತಲುಪುವುದಿಲ್ಲವೆಂದು ಅರ್ಜಿ ಬರೆಯುವ ರೈತರ ಮಗ ಎರಡನೆಯ ವಾಕ್ಯವನ್ನು ಬರೆದರೆ, ತನ್ನ ಅರ್ಜಿಯ ಆಧಾರವನ್ನು ತಾನೇ ಕೆಡಿಸಿಕೊಂಡಂತೆ. ಎರಡು ಪುಟ್ಟ ಗುರುತುಗಳ ಮೇಲೆ ಅಷ್ಟು ಭಾರ ಬಿದ್ದಿದೆ.

ಒಂದೇ ಆಗಿರುವ, ಹೆಸರಿನಿಂದಲೇ ಗುರುತಾಗುವ ವಸ್ತುವಿಗೆ ಸಾಮಾನ್ಯವಾಗಿ ಕಾಮಾ ಬೇಕು. ‘ದಿ ಯೂನಿವರ್ಸಿಟಿ ಆಫ್ ಮೈಸೂರ್, ವಿಚ್ ವಾಸ್ ಫೌಂಡೆಡ್ ಇನ್ 1916, ಈಸ್ ದಿ ಓಲ್ಡೆಸ್ಟ್ ಯೂನಿವರ್ಸಿಟಿ ಇನ್ ಕರ್ನಾಟಕ.’ ‘ದಿ ಪವರ್ ಸ್ಟೇಷನ್ ಅಟ್ ಶಿವನಸಮುದ್ರ, ವಿಚ್ ಬಿಗ್ಯಾನ್ ಸಪ್ಲೈಯಿಂಗ್ ದಿ ಕೋಲಾರ್ ಗೋಲ್ಡ್ ಫೀಲ್ಡ್ಸ್ ಇನ್ 1902, ಈಸ್ ಇನ್ ಮಂಡ್ಯ ಡಿಸ್ಟ್ರಿಕ್ಟ್.’ ಕಾಮಾದ ನಂತರದ ಇಂಥ ಉಪವಾಕ್ಯಗಳಲ್ಲಿ ‘ದಟ್’ ಬಳಸಬಾರದು, ‘ವಿಚ್’ ಅಥವಾ ‘ಹೂ’ವನ್ನು ಬಿಡಲೂಬಾರದು. ಕಾಮಾ ಬಂದ ಮೇಲೆ ‘ವಿಚ್’ ಒಂದೇ ನಾಮಪದವನ್ನಲ್ಲದೆ ಇಡೀ ವಾಕ್ಯವನ್ನೂ ಸೂಚಿಸಬಲ್ಲದು: ‘ಅವಳು ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾದಳು, ಇದು ಮನೆಯವರಿಗೆಲ್ಲ ಸಂತೋಷ ತಂದಿತು’ ಎಂಬುದು ‘ಶಿ ಪಾಸ್ಡ್ ಇನ್ ಹರ್ ಫಸ್ಟ್ ಅಟೆಂಪ್ಟ್, ವಿಚ್ ಮೇಡ್ ದಿ ಹೋಲ್ ಫ್ಯಾಮಿಲಿ ಹ್ಯಾಪಿ’ ಎಂದಾಗುತ್ತದೆ.

ಎರಡು ರೂಪಗಳು ಕೃದಂತದಂತೆ ಕಂಡರೂ ಈ ದಾರಿಯಲ್ಲಿ ಬರುವುದಿಲ್ಲ. ‘ನಾನು ಹೇಳಿದ್ದು ನಿಜ’ ಎಂಬಲ್ಲಿ ಬಣ್ಣಿಸಲು ಬೇರೆ ನಾಮಪದವೇ ಇಲ್ಲ, ಆದ್ದರಿಂದ ‘ವಿಚ್ ಐ ಸೆಡ್’ ಎಂದು ಬರೆಯಬಾರದು, ‘ವಾಟ್ ಐ ಸೆಡ್ ಈಸ್ ಟ್ರೂ’ ಎಂದು ಬರೆಯಬೇಕು. ‘ನಾನು ತೇರ್ಗಡೆಯಾದೆ ಎಂಬ ಸುದ್ದಿ’ ಎಂಬಲ್ಲಿ ಸುದ್ದಿಯೊಳಗೇನಿದೆ ಎಂದು ಹೇಳಲಾಗುತ್ತಿದೆ. ಇಂಥ ‘ಎಂಬ’ಕ್ಕೆ ‘ದಟ್’ ಮಾತ್ರ ಹೊಂದುತ್ತದೆ, ‘ವಿಚ್’ ಹೊಂದುವುದಿಲ್ಲ: ‘ದಿ ನ್ಯೂಸ್ ದಟ್ ಐ ಹ್ಯಾಡ್ ಪಾಸ್ಡ್’.

ಆರನೆಯ ಹಂತ: ಉಪವಾಕ್ಯವನ್ನು ಕೃದಂತ ಪದಪುಂಜಕ್ಕೆ ಇಳಿಸುವುದು

‘ದಿ ಗರ್ಲ್ ಹೂ ಈಸ್ ಸಿಟಿಂಗ್ ಬೈ ದಿ ವಿಂಡೋ’ ಎಂಬುದರಿಂದ ‘ಹೂ ಈಸ್’ ತೆಗೆದರೆ ‘ದಿ ಗರ್ಲ್ ಸಿಟಿಂಗ್ ಬೈ ದಿ ವಿಂಡೋ’ ಎಂಬ ಚಿಕ್ಕ, ಚೊಕ್ಕ ಮಾತು ಉಳಿಯುತ್ತದೆ. ‘ದಿ ಲೆಟರ್ ದಟ್ ವಾಸ್ ರಿಟನ್ ಬೈ ಮೈ ಗ್ರ್ಯಾಂಡ್‌ಫಾದರ್’ ಎಂಬುದು ‘ದಿ ಲೆಟರ್ ರಿಟನ್ ಬೈ ಮೈ ಗ್ರ್ಯಾಂಡ್‌ಫಾದರ್’ ಆಗುತ್ತದೆ. ನಾಮಪದವೇ ಕೆಲಸ ಮಾಡುತ್ತಿದ್ದರೆ ‘ಇಂಗ್’ ರೂಪ, ನಾಮಪದದ ಮೇಲೆ ಕೆಲಸ ನಡೆದಿದ್ದರೆ ಕ್ರಿಯಾಪದದ ಮೂರನೆಯ ರೂಪ (‘ರೈಟ್, ರೋಟ್, ರಿಟನ್’ ಎಂಬಲ್ಲಿನ ‘ರಿಟನ್’) ಎಂಬುದನ್ನು ನೆನಪಿಟ್ಟುಕೊಳ್ಳಿ. ಕನ್ನಡದ ಕೃದಂತ ಈ ಭೇದವನ್ನು ತೋರಿಸುವುದಿಲ್ಲ. ‘ಹೊಡೆದ ಹುಡುಗ’ ಎಂದಷ್ಟೇ ಹೇಳಿದರೆ ಹುಡುಗ ಹೊಡೆದನೋ, ಅವನನ್ನು ಬೇರೆಯವರು ಹೊಡೆದರೋ ತಿಳಿಯದು. ‘ನನ್ನನ್ನು ಹೊಡೆದ ಹುಡುಗ’, ‘ನಾನು ಹೊಡೆದ ಹುಡುಗ’ ಎಂದು ಬಿಡಿಸಬೇಕಾಗುತ್ತದೆ. ಅದೃಷ್ಟಕ್ಕೆ ಅಡುಗೆಮನೆಯಲ್ಲಿ ಇದಕ್ಕೆ ಸ್ಪಷ್ಟ ಜೋಡಿಯೊಂದಿದೆ: ಒಲೆಯ ಮೇಲೆ ಕುದಿಯುವ ನೀರು ‘ಬಾಯ್ಲಿಂಗ್ ವಾಟರ್’, ಕುದಿಸಿ ಆರಿಸಿ ಕುಡಿಯಲು ಇಟ್ಟ ನೀರು ‘ಬಾಯ್ಲ್ಡ್ ವಾಟರ್’. ಮಗುವಿಗೆ ‘ಬಾಯ್ಲಿಂಗ್ ವಾಟರ್’ ಕುಡಿಸಿ ಎಂದು ಯಾರಾದರೂ ಬರೆದರೆ ಏನಾಗುತ್ತದೆ ಎಂದು ಯೋಚಿಸಿದವರು ಈ ನಿಯಮವನ್ನು ಮತ್ತೆ ಮರೆಯುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ‘ನಿನ್ನೆ ಬಂದ ಹುಡುಗ’ನನ್ನು ‘ದಿ ಬಾಯ್ ಕಮಿಂಗ್ ಯೆಸ್ಟರ್‌ಡೇ’ ಎಂದು ಇಳಿಸಲಾಗದು. ಒಮ್ಮೆ ನಡೆದು ಮುಗಿದ ಕೆಲಸವನ್ನು ನಾಮಪದದ ನಂತರದ ‘ಇಂಗ್’ ರೂಪ ಹೊರಲಾರದು. ಅಲ್ಲಿ ‘ಹೂ ಕೇಮ್’ ಎಂಬ ಪೂರ್ಣ ಉಪವಾಕ್ಯವೇ ಬೇಕು. ಇನ್ನೊಂದು ಕಡೆ, ಅನಗತ್ಯವಾದ ಭಯವೊಂದನ್ನು ಬಿಡಬೇಕು. ‘ಐ ಆಮ್ ನೋಯಿಂಗ್’, ‘ದಿಸ್ ಲ್ಯಾಂಡ್ ಈಸ್ ಬಿಲಾಂಗಿಂಗ್ ಟು ಅಸ್’ ಎನ್ನಬಾರದೆಂದು ಶಾಲೆಯಲ್ಲಿ ತಿದ್ದಿಸಿಕೊಂಡ ಮಕ್ಕಳು ‘ನೋಯಿಂಗ್’, ‘ಬಿಲಾಂಗಿಂಗ್’ ಎಂಬ ಪದಗಳನ್ನೇ ಬಿಟ್ಟುಬಿಟ್ಟಿರುತ್ತಾರೆ. ಮುಖ್ಯ ಕ್ರಿಯಾಪದವಾಗಿ ಅವು ತಪ್ಪು, ಕೃದಂತವಾಗಿ ಅಲ್ಲ. ‘ದಿ ಲ್ಯಾಂಡ್ ಬಿಲಾಂಗಿಂಗ್ ಟು ಮೈ ಗ್ರ್ಯಾಂಡ್‌ಫಾದರ್’ ಎಂಬುದು ಪಹಣಿಯ ವಿಷಯದ ಅರ್ಜಿಯಲ್ಲಿ ಧೈರ್ಯವಾಗಿ ಬರೆಯಬಹುದಾದ ಇಂಗ್ಲಿಷ್.

ಏಳನೆಯ ಹಂತ: ‘ಮಾಡಿ’, ‘ಮಾಡುತ್ತ’, ‘ಮಾಡದೆ’ಗಳನ್ನು ತರುವುದು

ಎರಡು ಕೆಲಸಗಳು ಒಟ್ಟಿಗೆ ನಡೆದರೆ ‘ಇಂಗ್’ ರೂಪ: ‘ಕೆರೆ ಏರಿಯ ಮೇಲೆ ನಡೆಯುತ್ತ ಅವಳು ಪಾಠ ಒಪ್ಪಿಸಿದಳು’ ಎಂಬುದು ‘ವಾಕಿಂಗ್ ಅಲಾಂಗ್ ದಿ ಟ್ಯಾಂಕ್ ಬಂಡ್, ಶಿ ರಿಸೈಟೆಡ್ ದಿ ಲೆಸನ್.’ ಒಂದು ಮುಗಿದ ಮೇಲೆ ಮತ್ತೊಂದು ನಡೆದರೆ ‘ಹ್ಯಾವಿಂಗ್’ ಜೊತೆಗೆ ಮೂರನೆಯ ರೂಪ: ‘ಗದ್ದೆಗೆ ನೀರು ಕಟ್ಟಿ ಅಪ್ಪ ಮನೆಗೆ ಬಂದರು’ ಎಂಬುದು ‘ಹ್ಯಾವಿಂಗ್ ವಾಟರ್ಡ್ ದಿ ಫೀಲ್ಡ್, ಫಾದರ್ ಕೇಮ್ ಹೋಮ್.’ ‘ಮಾಡದೆ’ ಎಂಬುದಕ್ಕೆ ಎರಡು ದಾರಿಗಳಿವೆ. ‘ದಾರಿ ಗೊತ್ತಿಲ್ಲದೆ ನಿಂತೆ’ ಎಂಬಲ್ಲಿ ಗೊತ್ತಿಲ್ಲದಿರುವುದು ನಿಂತದ್ದಕ್ಕೆ ಕಾರಣ, ಆದ್ದರಿಂದ ‘ನಾಟ್ ನೋಯಿಂಗ್ ದಿ ವೇ, ಐ ಸ್ಟಾಪ್ಡ್’. ‘ಹೇಳದೆ ಹೋದ’ ಎಂಬಲ್ಲಿ ಮಾಡಬೇಕಿದ್ದ ಒಂದು ಕೆಲಸವನ್ನು ಬಿಟ್ಟಿದ್ದಾನೆ, ಆದ್ದರಿಂದ ‘ಹಿ ಲೆಫ್ಟ್ ವಿದೌಟ್ ಟೆಲಿಂಗ್ ಎನಿವನ್’.

ಇಂಗ್ಲಿಷಿನಲ್ಲಿ ಪದಪುಂಜದ ಕರ್ತೃ ಮತ್ತು ಕಾಮಾದ ನಂತರ ಬರುವ ಕರ್ತೃ ಒಂದೇ ಆಗಿರಬೇಕು. ಕನ್ನಡದ ‘ಮಾಡಿ’ ರೂಪಕ್ಕೂ ಬಹುಮಟ್ಟಿಗೆ ಇದೇ ನಿಯಮವಿದ್ದರೂ, ನಾವು ಎಡವುವ ಒಂದು ಜಾಗ ಇದೆ. ನಿದ್ದೆ, ಹಸಿವು, ಕೋಪ, ನೆನಪು, ಭೇಟಿ ಇವೆಲ್ಲ ಕನ್ನಡದಲ್ಲಿ ‘ನನಗೆ’ ಆಗುತ್ತವೆ, ‘ನನಗೆ’ ಬರುತ್ತವೆ, ‘ನನಗೆ’ ಸಿಗುತ್ತವೆ. ‘ದೇವರಾಜ ಮಾರುಕಟ್ಟೆಯಲ್ಲಿ ನಡೆದು ಹೋಗುತ್ತ ನನಗೆ ಹಳೆಯ ಗೆಳತಿ ಸಿಕ್ಕಿದಳು’ ಎಂದರೆ ನಡೆಯುತ್ತಿದ್ದವಳು ನಾನೇ ಎಂಬುದರಲ್ಲಿ ಕನ್ನಡಿಗರಾರಿಗೂ ಅನುಮಾನವಿಲ್ಲ. ಅದನ್ನೇ ‘ವಾಕಿಂಗ್ ಥ್ರೂ ದೇವರಾಜ ಮಾರ್ಕೆಟ್, ಮೈ ಓಲ್ಡ್ ಫ್ರೆಂಡ್ ಮೆಟ್ ಮಿ’ ಎಂದು ಬರೆದರೆ ನಡೆಯುತ್ತಿದ್ದವಳು ಗೆಳತಿಯಾಗಿಬಿಡುತ್ತಾಳೆ. ‘ಊಟ ಮಾಡಿ ನನಗೆ ನಿದ್ದೆ ಬಂತು’ ಎಂಬುದನ್ನು ‘ಹ್ಯಾವಿಂಗ್ ಈಟನ್, ಸ್ಲೀಪ್ ಕೇಮ್’ ಎಂದರೆ ಊಟ ಮಾಡಿದ್ದು ನಿದ್ದೆ. ಇಂಥ ಎಲ್ಲ ಕಡೆ ಕನ್ನಡದ ‘ನನಗೆ’ಯನ್ನು ಇಂಗ್ಲಿಷಿನ ‘ಐ’ ಮಾಡಿಕೊಳ್ಳಬೇಕು: ‘ಐ ಮೆಟ್ ಆನ್ ಓಲ್ಡ್ ಫ್ರೆಂಡ್’, ‘ಐ ಫೆಲ್ಟ್ ಸ್ಲೀಪಿ’. ಕೆಲಸದ ಅರ್ಜಿಗಳಲ್ಲಿ ನಾನು ಪದೇ ಪದೇ ತಿದ್ದುವ ವಾಕ್ಯವೂ ಇದೇ ಜಾತಿಯದು: ‘ಹ್ಯಾವಿಂಗ್ ಸೀನ್ ಯುವರ್ ಅಡ್ವರ್ಟೈಸ್‌ಮೆಂಟ್, ದಿಸ್ ಅಪ್ಲಿಕೇಷನ್ ಈಸ್ ಸಬ್‌ಮಿಟೆಡ್.’ ಜಾಹೀರಾತನ್ನು ನೋಡಿದ್ದು ಅರ್ಜಿಯಲ್ಲ, ನೀವು. ‘ಹ್ಯಾವಿಂಗ್ ಸೀನ್ ಯುವರ್ ಅಡ್ವರ್ಟೈಸ್‌ಮೆಂಟ್, ಐ ವಿಶ್ ಟು ಅಪ್ಲೈ ಫಾರ್ ದಿ ಪೋಸ್ಟ್’ ಎಂದು ಬರೆಯಿರಿ.

‘ಮಳೆ ಬಂದು ಕೆರೆ ತುಂಬಿತು’ ಎಂಬಂಥ ವಾಕ್ಯಗಳಲ್ಲಿ ಕನ್ನಡವೇ ಎರಡು ಬೇರೆ ಕರ್ತೃಗಳಿಗೆ ಅವಕಾಶ ಕೊಡುತ್ತದೆ, ಏಕೆಂದರೆ ಮೊದಲ ಘಟನೆ ಎರಡನೆಯದಕ್ಕೆ ಕಾರಣವಾಗಿದೆ. ಇದನ್ನು ಕೃದಂತ ಪದಪುಂಜವಾಗಿ ತರಲು ಹೋಗಬೇಡಿ. ‘ಇಟ್ ರೈನ್ಡ್ ಆಂಡ್ ದಿ ಟ್ಯಾಂಕ್ ಫಿಲ್ಡ್ ಅಪ್’ ಎಂಬ ಸರಳ ವಾಕ್ಯವೇ ಒಳ್ಳೆಯದು. ಹಾಗೆಯೇ ‘ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ಸು ಹತ್ತಿ ಮೈಸೂರಿಗೆ ಹೋದೆ’ ಎಂಬ ಸರಪಳಿ ಕನ್ನಡದಲ್ಲಿ ಸಹಜ. ಇಂಗ್ಲಿಷಿನಲ್ಲಿ ನಾಲ್ಕು ‘ಹ್ಯಾವಿಂಗ್’ಗಳನ್ನು ಸಾಲಾಗಿ ನಿಲ್ಲಿಸಿದರೆ ಓದುವವರಿಗೆ ಉಸಿರುಕಟ್ಟುತ್ತದೆ. ಅಲ್ಲಿ ಎಲ್ಲವನ್ನೂ ಪೂರ್ಣ ಕ್ರಿಯಾಪದ ಮಾಡಿ: ‘ಐ ಗಾಟ್ ಅಪ್, ಬೇದ್ಡ್, ಹ್ಯಾಡ್ ಬ್ರೇಕ್‌ಫಾಸ್ಟ್ ಆಂಡ್ ಟುಕ್ ದಿ ಬಸ್ ಟು ಮೈಸೂರು.’ ಒಂದು ವಾಕ್ಯಕ್ಕೆ ಒಂದು ಕೃದಂತ ಪದಪುಂಜ, ಹೆಚ್ಚೆಂದರೆ ಎರಡು ಎಂಬುದನ್ನು ಅಭ್ಯಾಸದ ದಿನಗಳಲ್ಲಿ ಮಿತಿಯಾಗಿಟ್ಟುಕೊಳ್ಳಿ.

ಎಲ್ಲ ಹಂತಗಳನ್ನೂ ಒಂದು ವಾಕ್ಯದಲ್ಲಿ ನಡೆಸಿ ನೋಡುವುದು

ತರಗತಿಯ ಕೊನೆಯ ವಾರದಲ್ಲಿ ನಾನು ಕೊಡುವ ವಾಕ್ಯ ಇದು: ‘1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈಗಿನ ಮೈಸೂರು ಅರಮನೆಯ ಕಟ್ಟಡ 1912ರಲ್ಲಿ ಪೂರ್ಣಗೊಂಡಿತು.’ ಮೊದಲು ಅಡಿಗೆರೆ ಎಳೆಯೋಣ. ‘ವಿನ್ಯಾಸ ಮಾಡಿದ’ ಎಂಬುದು ಅರಮನೆಯನ್ನು ಹಿಡಿದುಕೊಂಡಿದೆ. ‘ಸುಟ್ಟುಹೋದ’ ಎಂಬುದು ‘ಮೇಲೆ’ಯನ್ನು ಹಿಡಿದುಕೊಂಡಿದೆ, ಅಂದರೆ ಅದು ಯಾವ ನಾಮಪದವನ್ನೂ ಬಣ್ಣಿಸುತ್ತಿಲ್ಲ, ಸಮಯವನ್ನು ಹೇಳುತ್ತಿದೆ, ಹಾಗಾಗಿ ಅದಕ್ಕೆ ‘ಆಫ್ಟರ್’ ಸಾಕು. ಇನ್ನು ನಾಮಪದವನ್ನು ಮುಂದಕ್ಕೆ ತರೋಣ: ‘ದಿ ಪ್ರೆಸೆಂಟ್ ಮೈಸೂರ್ ಪ್ಯಾಲೇಸ್’. ಬಿಡಿಸಿದರೆ ‘ಇರ್ವಿನ್ ಅರಮನೆಯನ್ನು ವಿನ್ಯಾಸ ಮಾಡಿದರು’ ಎಂದು ‘ಅನ್ನು’ ಬರುತ್ತದೆ. ಅರಮನೆಯ ಮೇಲೆ ಕೆಲಸ ನಡೆದಿದೆ, ಆದ್ದರಿಂದ ‘ವಿಚ್ ವಾಸ್ ಡಿಸೈನ್ಡ್ ಬೈ ಹೆನ್ರಿ ಇರ್ವಿನ್’, ಇಳಿಸಿದರೆ ‘ಡಿಸೈನ್ಡ್ ಬೈ ಹೆನ್ರಿ ಇರ್ವಿನ್’. ಈಗಿನ ಅರಮನೆ ಒಂದೇ ಆದ್ದರಿಂದ ಎರಡೂ ಕಡೆ ಕಾಮಾ ಬೇಕು. ಸೇರಿಸಿದಾಗ ಸಿಗುವುದು ಇದು: ‘ದಿ ಪ್ರೆಸೆಂಟ್ ಮೈಸೂರ್ ಪ್ಯಾಲೇಸ್, ಡಿಸೈನ್ಡ್ ಬೈ ಹೆನ್ರಿ ಇರ್ವಿನ್ ಆಫ್ಟರ್ ದಿ ಓಲ್ಡ್ ವುಡನ್ ಪ್ಯಾಲೇಸ್ ಬರ್ನ್ಡ್ ಡೌನ್ ಇನ್ 1897, ವಾಸ್ ಕಂಪ್ಲೀಟೆಡ್ ಇನ್ 1912.’ ಇಲ್ಲಿ ‘1897’ರ ನಂತರದ ಕಾಮಾವನ್ನು ಮರೆಯುವವರೇ ಹೆಚ್ಚು. ಮೊದಲ ಕಾಮಾ ತೆರೆದ ಬಾಗಿಲನ್ನು ಎರಡನೆಯದು ಮುಚ್ಚಬೇಕು. ಮುಚ್ಚದಿದ್ದರೆ ‘ವಾಸ್ ಕಂಪ್ಲೀಟೆಡ್’ ಎಂಬ ಮುಖ್ಯ ಕ್ರಿಯಾಪದ ಅರಮನೆಯಿಂದ ಕಡಿದುಹೋಗಿ ಸುಟ್ಟುಹೋದ ಮರದ ಕಟ್ಟಡಕ್ಕೆ ಅಂಟಿಕೊಂಡಂತೆ ಕಾಣುತ್ತದೆ.